ಆಯಿ ಕೇಳಿದ ಪ್ರಶ್ನೆ

ಮೊನ್ನೆ ಭಾನುವಾರ ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದ ಬೇವಿನ ಮರದ ಕೆಳಗೆ ನಮ್ಮ ಕ್ರೈಸ್ತ ಸಭೆಯ ಹುಡುಗನೊಬ್ಬ ಲೆಕ್ಕ ಒಪ್ಪಿಸುತ್ತಿದ್ದ. ಈ ವರ್ಷ ಎಷ್ಟು ಹಳ್ಳಿ ಮುಟ್ಟಿದೆವು, ಎಷ್ಟು ಕರಪತ್ರ ಹಂಚಿದೆವು, ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೆ ಎಷ್ಟು ಮಂದಿಗೆ ಬೈಬಲ್ ವಚನ ಕಳಿಸುತ್ತೇವೆ ಎಂದು. ಹುಡುಗ ಒಳ್ಳೆಯವನು, ಬೆಳಗಿನ ಜಾವ ಎದ್ದು ಮೊಣಕಾಲೂರುವವನು. ಆದರೂ ನನ್ನ ಕಿವಿಗೆ ಅದು ಬೀಜದ ಕಂಪನಿಯ ಏಜೆಂಟ್ ತಿಂಗಳ ಗುರಿ ಮುಟ್ಟಿದ ಸುದ್ದಿಯ ಹಾಗೆ ಕೇಳಿಸಿತು. ಬಾಯಿ ಬಿಡಲಿಲ್ಲ. ಬೈಯುವ ಹಕ್ಕು ನನಗಿಲ್ಲ. ಏಕಿಲ್ಲ ಎಂಬುದನ್ನು ಬರೆಯಲೆಂದೇ ಇಂದು ಕುಳಿತಿದ್ದೇನೆ.

ನಾನು ಹುಟ್ಟಿದ್ದು ಗುಳೇದಗುಡ್ಡದ ನೇಕಾರರ ಮನೆಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಕ್ರೈಸ್ತ ಪ್ರಚಾರ ಸಂಸ್ಥೆ ಬಾಸೆಲ್ ಮಿಷನ್, ಧಾರವಾಡ, ಹುಬ್ಬಳ್ಳಿ, ಬೆಟಗೇರಿ ದಾಟಿ 1851ರಲ್ಲಿ ನಮ್ಮೂರಲ್ಲಿ ನೆಲೆ ಹೂಡಿತು. ನಮ್ಮ ಹಿರಿಯರು ಹಾಗೆ ಸಭೆ ಸೇರಿದವರು. ಸಭೆ ಸೇರಿದರೂ ಕುಣಿಮಗ್ಗದಿಂದ ಏಳಲಿಲ್ಲ. ನನ್ನ ಆಯಿ, ಅಂದರೆ ಅಜ್ಜಿ, ವಾರದ ಆರು ದಿನ ಕುಪ್ಪಸದ ಖಣ ನೇಯುತ್ತಿದ್ದಳು. ಖಣದ ಮೇಲೆ ಬರುವ ಬುಟ್ಟಾಗಳಲ್ಲಿ ಸಿದ್ಧೇಶ್ವರ ಮುಖವೂ ಒಂದು. ಕ್ರೈಸ್ತಳಾದ ನೀನು ಅದನ್ನು ನೇಯಬಹುದೇ ಎಂದು ಹೊಸದಾಗಿ ಬಂದ ಬೋಧಕರೊಬ್ಬರು ಕೇಳಿದ್ದರಂತೆ. "ಉಡುವವಳು ಕೇಳಿದ್ದು ಅದನ್ನು, ಅಯ್ಯನವರೇ. ಎಳೆ ತಪ್ಪದ ಹಾಗೆ ನೇಯುವುದು ನನ್ನ ಭಕ್ತಿ" ಎಂದು ಆಯಿ ಲಾಳಿ ನಿಲ್ಲಿಸದೆಯೇ ಉತ್ತರ ಕೊಟ್ಟಳಂತೆ. ನಮ್ಮ ಮನೆಯಲ್ಲಿ ಈ ಕಥೆ ಬೈಬಲ್ಲಿನ ಕಥೆಗಳ ಜೊತೆಗೇ ನಡೆಯುತ್ತದೆ.

ನೇಕಾರಿಕೆ ಇಡಿಯಾಗಿ ನಂಬಿಕೆಯ ಮೇಲೆ ನಿಂತ ವ್ಯವಹಾರ. ಸಾವಕಾರ ನೂಲು ಕೊಡುತ್ತಾನೆ, ನೇಕಾರ ಬಟ್ಟೆ ತಂದು ಕೊಡುತ್ತಾನೆ. ನಡುವೆ ಎಷ್ಟೋ ದಿನ ಇಬ್ಬರ ಕೈಯಲ್ಲೂ ಏನೂ ಇರುವುದಿಲ್ಲ. ನಮ್ಮ ಬೈಬಲ್ಲಿನಲ್ಲಿರುವುದೂ ಇದೇ ಮಾತು, ನಂಬಿಕೆ. ಕಥೋಲಿಕ ಗೆಳೆಯರು ಹೆಚ್ಚಾಗಿ 'ವಿಶ್ವಾಸ' ಎನ್ನುತ್ತಾರೆ. ಆ ಮಾತಿಗೆ ನಾನು ಸ್ವಲ್ಪ ಹೊಟ್ಟೆಕಿಚ್ಚು ಪಡುತ್ತೇನೆ. 'ಅವರಿಗೂ ನಮಗೂ ಬಹಳ ವಿಶ್ವಾಸ' ಎಂದರೆ ಕನ್ನಡದಲ್ಲಿ ಪ್ರೀತಿ ಎಂದೂ ಆಗುತ್ತದೆ, ಭರವಸೆ ಎಂದೂ ಆಗುತ್ತದೆ. ಎರಡನ್ನೂ ಬೇರೆ ಮಾಡಲು ಭಾಷೆಯೇ ಒಪ್ಪಿಲ್ಲ.

ಈಗ 2019ರ ಆಗಸ್ಟ್ ತಿಂಗಳ ಮಾತಿಗೆ ಬರುತ್ತೇನೆ. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟರು, ಮಲಪ್ರಭೆ ದಂಡೆ ಮೀರಿದಳು, ಪಟ್ಟದಕಲ್ಲಿನ ಗುಡಿಗಳ ಒಳಗೂ ನೀರು ನಿಂತಿತು. ನಾವು ಹತ್ತು ಹನ್ನೆರಡು ಜನ ಅಕ್ಕಿ, ಬೇಳೆ, ಚಾದರ ಕಟ್ಟಿಕೊಂಡು ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯ ಗಂಜಿ ಕೇಂದ್ರಕ್ಕೆ ಹೋದೆವು. ಹಿಂದಿನ ರಾತ್ರಿ ಚೀಲ ಕಟ್ಟುವಾಗ ನೋಡಿದರೆ ಪ್ರತಿ ಚೀಲದಲ್ಲೂ ಒಂದೊಂದು ಕರಪತ್ರ. ಯಾರಿಟ್ಟರೆಂದು ಕೇಳಲಿಲ್ಲ. ಎಲ್ಲರೂ ಮಲಗಿದ ಮೇಲೆ ಒಂದೊಂದೇ ಬಿಚ್ಚಿ ತೆಗೆದೆ. ಎರಡು ಗಂಟೆಯಾಯಿತು.

ತೆಗೆದದ್ದು ಸರಿ ಎಂದು ಈಗಲೂ ಹೇಳುತ್ತೇನೆ. ಮನೆ ಮುಳುಗಿದವನ ಕೈಗೆ ಅಕ್ಕಿಯ ಜೊತೆ ಕರಪತ್ರ ಇಟ್ಟರೆ ಅವನಿಗೆ ಬೇಡ ಎನ್ನುವ ಸ್ವಾತಂತ್ರ್ಯ ಎಲ್ಲಿ ಉಳಿಯಿತು? ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯ ನನಗೆ ಇಷ್ಟವಾಗುವುದು ಇದಕ್ಕೇ. ಐದು ಸಾವಿರ ಜನರಿಗೆ ರೊಟ್ಟಿ ಸಿಕ್ಕಿತು. ಮರುದಿನ ಹುಡುಕಿಕೊಂಡು ಬಂದವರಿಗೆ ಯೇಸು, ನೀವು ಬಂದದ್ದು ಹೊಟ್ಟೆ ತುಂಬಿತೆಂದು ಎಂದು ಮುಖಕ್ಕೇ ಹೇಳಿದ. ಅವನ ಮಾತು ಕಠಿಣವೆಂದು ಬಹಳ ಜನ ಬಿಟ್ಟು ಹೋದರು. ತಡೆಯಲಿಲ್ಲ, ತಿಂದ ರೊಟ್ಟಿಯ ಲೆಕ್ಕ ಕೇಳಲಿಲ್ಲ. ಉಳಿದ ಹನ್ನೆರಡು ಮಂದಿಯ ಕಡೆ ತಿರುಗಿ, ನೀವೂ ಹೋಗಬೇಕೆಂದಿದ್ದೀರಾ ಎಂದು ಕೇಳಿದ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ತಡೆಯುವ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಾಗ 'ಆಮಿಷ' ಎಂಬ ಮಾತಿನ ಮೇಲೆ ಊರೆಲ್ಲ ಜಗಳ. ಆ ಮಸೂದೆ ನನಗೆ ಹಿಡಿಸಲಿಲ್ಲ. ಧರ್ಮವನ್ನು ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಸಂವಿಧಾನದ 25ನೆಯ ವಿಧಿ ಕೊಟ್ಟಿದೆ. ಆದರೆ ಆಮಿಷ ಒಡ್ಡಬಾರದೆಂದು ನಮಗೆ ಕಾನೂನು ಬಂದು ಕಲಿಸಬೇಕಾಗಿರಲಿಲ್ಲ, ಆರನೆಯ ಅಧ್ಯಾಯ ಸಾಕಿತ್ತು. 'ಅನ್ನಕ್ಕೆ ಸೇರಿದವರು' ಎಂಬ ಮಾತನ್ನು ನಮ್ಮ ಮನೆತನ ನಾಲ್ಕು ತಲೆಮಾರಿನಿಂದ ಕೇಳಿದೆ. ಜಾತಿಯವರು ಹೊರಗೆ ಹಾಕಿ ಕಸುಬು ತಪ್ಪಿದವರಿಗೆ ಕೆಲಸ ಕೊಡಲೆಂದು ಮಿಷನ್ನಿನವರು ಮಗ್ಗ ಹಾಕಿದರು, ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದನ್ನು ಆಮಿಷ ಎನ್ನುವವರ ಜೊತೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಹೊರಗೆ ಹಾಕಿದವರು ಯಾರು ಎಂದಷ್ಟೇ ಕೇಳುತ್ತೇನೆ.

ಇಷ್ಟೆಲ್ಲ ಧೈರ್ಯವಾಗಿ ಬರೆಯುವ ನಾನು ಆ ಹಳ್ಳಿಯಲ್ಲಿ ಮಾಡಿದ್ದೇನು ಗೊತ್ತೇ? ಗಂಜಿ ಕೇಂದ್ರ ಇದ್ದದ್ದು ಶಾಲೆಯ ಕೋಣೆಗಳಲ್ಲಿ. ಒಬ್ಬ ಮುದುಕಿ ಇದ್ದಳು, ನನ್ನ ಆಯಿಯದೇ ವಯಸ್ಸು, ಹಣೆಯ ಮೇಲೆ ವಿಭೂತಿ. ಮೂರು ದಿನ ನಾವು ಬರುವುದನ್ನು, ಕೋಣೆ ಗುಡಿಸುವುದನ್ನು, ಮಕ್ಕಳಿಗೆ ಗಂಜಿ ಹಾಕುವುದನ್ನು ನೋಡಿದಳು. ಹೊರಡುವ ಹೊತ್ತಿಗೆ ಕೈ ಹಿಡಿದು ಕೂರಿಸಿಕೊಂಡಳು. "ತಮ್ಮಾ, ನೀವು ಸರಕಾರದವರಲ್ಲ, ಮಠದವರಲ್ಲ, ಪಾರ್ಟಿಯವರ ಹಾಗೂ ಕಾಣುವುದಿಲ್ಲ. ನಮಗೆ ಯಾಕೆ ಮಾಡುತ್ತೀರಿ?"

ನಾನು ಹೇಳಿದೆ: "ನಾವು ಬಾಗಲಕೋಟೆಯವರು, ಆಯಿ."

ಅವಳು ಕೇಳಿದ್ದು ಊರನ್ನಲ್ಲ. ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ ಕೊಡಿ ಎಂದು ಯೇಸುವಿನ ಶಿಷ್ಯ ಪೇತ್ರ ಬರೆದದ್ದು ಇಂಥ ಗಳಿಗೆಗೇ. ಅವಳು ಕೇಳಿದಳು, ನಾನು ಊರಿನ ಹೆಸರು ಹೇಳಿ ಎದ್ದೆ. ಸುತ್ತ ಹತ್ತಾರು ಜನರಿದ್ದರು, ಯಾರಾದರೂ ವಿಡಿಯೋ ಮಾಡಿದರೆ ಎಂಬ ಅಂಜಿಕೆ. ಅದಕ್ಕೆ ನಾನು ಸೌಜನ್ಯ ಎಂದು ಹೆಸರಿಟ್ಟುಕೊಂಡೆ.

'ನಾವು ಬದುಕಿ ತೋರಿಸುತ್ತೇವೆ, ಬಾಯಿಂದ ಹೇಳುವುದಿಲ್ಲ' ಎಂದು ಹಿರಿಯರು ಗಡ್ಡ ನೀವಿಕೊಂಡಾಗ ಈಗ ನನಗೆ ಅನುಮಾನ. ಕರಪತ್ರದ ಹುಡುಗ ಯಾರೂ ಕೇಳುವ ಮೊದಲೇ ಹೇಳುತ್ತಾನೆ. ನಾವು ಕೇಳಿದ ಮೇಲೂ ಹೇಳುವುದಿಲ್ಲ. ಎದುರಿನವರ ಮೇಲೆ ಇಬ್ಬರಿಗೂ ನಂಬಿಕೆ ಇಲ್ಲ. ಅವರು ತಾವಾಗಿ ಕೇಳಿಯಾರೆಂಬ ನಂಬಿಕೆ ಅವನಿಗಿಲ್ಲ, ಕೇಳಿಸಿಕೊಂಡು ಬೇಡ ಎಂದ ಮೇಲೂ ನಮ್ಮ ಜೊತೆ ಚಹಾ ಕುಡಿದಾರೆಂಬ ನಂಬಿಕೆ ನಮಗಿಲ್ಲ. ಆ ಮುದುಕಿ ಬೇಡ ಎನ್ನುತ್ತಿದ್ದಳೇನೋ. ವಿಭೂತಿ ಸರಿಮಾಡಿಕೊಂಡು, ನಿಮ್ಮ ದೇವರು ನಿಮಗೆ ಒಳ್ಳೆಯದು ಮಾಡಲಿ ಎನ್ನುತ್ತಿದ್ದಳೇನೋ. ಅಷ್ಟಾದರೂ ಅವಳ ಪ್ರಶ್ನೆಗೆ ಸಲ್ಲಬೇಕಾದ ಗೌರವವಾಗಿತ್ತು.

ಅಂದು ಎದ್ದು ಹೊರಟಾಗ ಅವಳು ಒಂದು ಸ್ಟೀಲ್ ಡಬ್ಬಿ ಕೊಟ್ಟಳು. ಮುಳುಗಿದ ಮನೆಯಿಂದ ಹೊತ್ತು ತಂದ ನಾಲ್ಕೈದು ಸಾಮಾನುಗಳಲ್ಲಿ ಅದೂ ಒಂದು, ತಳದಲ್ಲಿ ಅವಳ ಹೆಸರು ಕೊರೆಸಿದೆ. ಒಳಗೆ ಶೇಂಗಾ ಚಟ್ನಿ. ಬೇಡವೆಂದರೂ ಬಿಡಲಿಲ್ಲ. ಚಟ್ನಿ ವಾರದಲ್ಲಿ ಮುಗಿಯಿತು. ಡಬ್ಬಿ ನಮ್ಮ ಅಡುಗೆಮನೆಯಲ್ಲೇ ಇದೆ. ಖಾಲಿ ಡಬ್ಬಿ ಮರಳಿಸುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲ. ತುಂಬಿ ಕೊಡೋಣ, ಹಬ್ಬಕ್ಕೆ ಹೋಗೋಣ ಎನ್ನುತ್ತ ವರ್ಷಗಳು ಹೋದವು.

ಈ ಸಲ ಕ್ರಿಸ್ಮಸ್‌ಗೆ ಮನೆಯಲ್ಲಿ ಕರ್ಚಿಕಾಯಿ ಮಾಡಲು ಹೇಳಿದ್ದೇನೆ. ಮೊದಲ ಡಬ್ಬಿ ಅವಳದು. ಇದ್ದಾಳೋ ಇಲ್ಲವೋ ತಿಳಿಯದು. ಇದ್ದರೆ, ಮತ್ತೆ ಕೇಳುತ್ತಾಳೋ ಏನೋ. ಆ ಕರಪತ್ರದ ಹುಡುಗನನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತೇನೆ. ಕೈಚೀಲ ಮನೆಯಲ್ಲಿಟ್ಟು ಬಾ ಎಂದು ಹೇಳಿದ್ದಕ್ಕೆ ಅವನು ಇನ್ನೂ ಒಪ್ಪಿಲ್ಲ.