ಸ್ಪಷ್ಟನೆ: ಸಿ. ಡಿಫ್ ಸ್ಯಾನಿಟೈಸರ್‌ಗೆ ಬಗ್ಗುವುದಿಲ್ಲ

"ನರ್ಸಿಂಗ್ ಹೋಂ ಬಾಗಿಲಲ್ಲಿ ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಕು, ಎಲ್ಲ ಬ್ಯಾಕ್ಟೀರಿಯಾ ಸಾಯುತ್ತವೆ" ಎಂಬ ಮಾತು ಅಮೆರಿಕದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ. (ನಮ್ಮೂರಲ್ಲಿ ನರ್ಸಿಂಗ್ ಹೋಂ ಅಂದರೆ ಸಣ್ಣ ಆಸ್ಪತ್ರೆ, ಅಲ್ವಾ? ಅಲ್ಲಿ ಅದು ವಯಸ್ಸಾದವರು ಉಳಿದುಕೊಳ್ಳುವ ಆರೈಕೆ ಮನೆ.)

ಹೆಚ್ಚಿನ ರೋಗಾಣುಗಳಿಗೆ ಆಲ್ಕೋಹಾಲ್ ಸ್ಯಾನಿಟೈಸರ್ ಒಳ್ಳೆಯದೇ. ಕರುಳಿಗೆ ಸೋಂಕು ತಂದು ಭೇದಿ ಮಾಡಿಸುವ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್, ಅಂದರೆ ಸಿ. ಡಿಫ್, ಮಾತ್ರ ಬೇರೆ ಜಾತಿ. ಇದು ಗಟ್ಟಿ ಚಿಪ್ಪಿನ ಬೀಜಾಣು (ಸ್ಪೋರ್) ಮಾಡಿಕೊಳ್ಳುತ್ತದೆ. ಮಂಚದ ಕಂಬಿ, ಕಮೋಡ್ ಹಿಡಿ, ಕಾಲಿಂಗ್ ಬೆಲ್ ಗುಂಡಿ ಮೇಲೆ ತಿಂಗಳುಗಟ್ಟಲೆ ಸುಮ್ನೆ ಕೂತಿರಬಲ್ಲದು. ಆಲ್ಕೋಹಾಲ್ ಅದನ್ನು ಕೊಲ್ಲುವುದಿಲ್ಲ. ಸೋಪೂ ಕೊಲ್ಲುವುದಿಲ್ಲ, ಆದರೆ ಉಜ್ಜಿ ನೀರು ಬಿಟ್ಟಾಗ ಬೀಜಾಣು ಕೊಚ್ಚಿ ಹೋಗುತ್ತದೆ. ಆರೈಕೆ ಮಾಡುವವರಿಗೆ ಗ್ಲೌಸ್ ಬೇಕು, ನೆಲ-ಮಂಚಕ್ಕೆ ಕ್ಲೋರಿನ್ ಬ್ಲೀಚ್ ಬೇಕು.

"ಕೊಳಕು ಜಾಗದಲ್ಲಿ ಮಾತ್ರ ಬರುತ್ತದೆ" ಎನ್ನುವುದೂ ತಪ್ಪು. ಆ್ಯಂಟಿಬಯೋಟಿಕ್ ತೆಗೆದುಕೊಂಡಾಗ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತವೆ, ಸಿ. ಡಿಫ್‌ಗೆ ಜಾಗ ಖಾಲಿಯಾಗುತ್ತದೆ. ಹಾಗಾಗಿ ಬೇಡದ ಆ್ಯಂಟಿಬಯೋಟಿಕ್ ನಿಲ್ಲಿಸುವುದೇ ನನ್ನ ಪ್ರಕಾರ ಸ್ಯಾನಿಟೈಸರ್ ಬಾಟಲಿಗಿಂತ ದೊಡ್ಡ ಕೆಲಸ.

ಭಯ ಸುಳ್ಳಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಂದಾಜಿನಂತೆ 2011ರಲ್ಲಿ ಅಲ್ಲಿ ಸುಮಾರು 4.5 ಲಕ್ಷ ಜನರಿಗೆ ಈ ಸೋಂಕು ತಗುಲಿತ್ತು. ನರ್ಸಿಂಗ್ ಹೋಂಗಳು ಇಂಥ ಸೋಂಕುಗಳ ಲೆಕ್ಕ ಇಡಲು ಸಿಡಿಸಿಯ ಎನ್‌ಎಚ್‌ಎಸ್‌ಎನ್ ಎಂಬ ದಾಖಲೆ ವ್ಯವಸ್ಥೆ 2012ರಿಂದ ಇದೆ. ತೆಳು ಭೇದಿಯ ಮಾದರಿ ಲ್ಯಾಬ್‌ನಲ್ಲಿ ಪಾಸಿಟಿವ್ ಬಂದರೆ ಅಲ್ಲಿ ದಾಖಲಾಗುತ್ತದೆ. ಗಟ್ಟಿ ಮಲಕ್ಕೆ ಈ ಪರೀಕ್ಷೆ ಮಾಡಿಸಬಾರದು. ಏಕೆಂದರೆ ಕಾಯಿಲೆಯಿಲ್ಲದೆ ರೋಗಾಣು ಹೊತ್ತಿರುವವರೂ ಜಾಸ್ತಿ ಜನ ಇರುತ್ತಾರೆ.