110 ನಿಮಿಷದ ಆಯುಷ್ಯ

ಸಿಟ್ಟಿನಲ್ಲಿ ಬರೀತಿದ್ದೀನಿ, ತಪ್ಪು ತಿಳೀಬೇಡಿ.

ಅವ್ವನ ಮರೆವು ನಿಮಗೆಲ್ಲ ಗೊತ್ತೇ ಇದೆ. ಮಿದುಳಿನ ಕೆಲಸ ಚಿತ್ರದಲ್ಲಿ ತೋರಿಸೋ ಪೆಟ್ ಸ್ಕ್ಯಾನ್ ಮಾಡಿಸಿ ಅಂದ್ರು ಡಾಕ್ಟರು. ನಸುಕಿನಲ್ಲೇ ರಾಯಚೂರು ಬಿಟ್ಟು ಹೈದರಾಬಾದಿಗೆ ಹೊರಟ್ವಿ. ಖಾಲಿ ಹೊಟ್ಟೇಲಿ ಬರಬೇಕು ಅನ್ನೋ ಕಟ್ಟಪ್ಪಣೆ ಬೇರೆ. ದಾರಿಯುದ್ದಕ್ಕೂ ಅವ್ವ, "ತಮ್ಮಾ, ನಾ ಉಂಡೀನೇನು?" ಹತ್ತು ನಿಮಿಷಕ್ಕೆ ಮತ್ತೆ ಅದೇ. ಕೊನೆಗೆ "ಉಂಡೀ ಬೇ" ಅಂತ ಸುಳ್ಳು ಹೇಳಿದೆ. ಸುಮ್ಮನಾದಳು. (ಹೌದು, ನಾಚಿಕೆಯಾಯ್ತು.) ಅಲ್ಲಿ ಹೋದ್ರೆ, "ಇವತ್ತು ಡೋಸ್ ಬಂದಿಲ್ಲ, ಗುರುವಾರ ಬನ್ನಿ."

ಡೋಸ್ ಅಂದ್ರೆ ಸ್ಕ್ಯಾನಿಗೆ ಮುಂಚೆ ರಕ್ತಕ್ಕೆ ಚುಚ್ಚೋ, ವಿಕಿರಣ ಸೂಸೋ ಸಕ್ಕರೆ. ಅದರಲ್ಲಿ ವಿಕಿರಣ ಸೂಸೋ ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ, ಅಂದ್ರೆ ಅಷ್ಟರಲ್ಲಿ ಅರ್ಧ ಕರಗಿಹೋಗುತ್ತೆ. ನಿನ್ನೇದನ್ನ ಫ್ರಿಜ್ಜಲ್ಲಿಟ್ಟು ಇವತ್ತು ಕೊಡೋಹಂಗಿಲ್ಲ. ಬೆಂಗಳೂರಲ್ಲಿ ತುಂಬಿ ರಾಯಚೂರಿಗೇ ಕಳಿಸಿದ್ರೂ ಎಂಟು ತಾಸಿನ ದಾರೀಲಿ ಇಪ್ಪತ್ತರಲ್ಲಿ ಒಂದು ಪಾಲು ಉಳಿದೀತು.

ಇಷ್ಟೆಲ್ಲ ಮಾಡಿ ಆ ಸಕ್ಕರೆ ತೋರಿಸೋದು ಮಿದುಳು ಎಲ್ಲಿ ಸೊರಗಿದೆ ಅನ್ನೋದನ್ನ ಮಾತ್ರ. ಮರೆವಿನ ರೋಗವೊಂದಕ್ಕೆ ತನ್ನ ಹೆಸರು ಬಿಟ್ಟುಹೋದ ಡಾಕ್ಟರ್ ಅಲೋಯಿಸ್ ಆಲ್ಝೈಮರ್, ಸತ್ತ ರೋಗಿಯ ಮಿದುಳಲ್ಲಿ ಕಂಡ ಗಂಟುಗಳ ಬಗ್ಗೆ ಹೇಳಿದ್ದು 1906ರಲ್ಲಿ. ಆ ರೋಗದಲ್ಲಿ ಮಿದುಳಲ್ಲಿ ಜಮಾಯಿಸೋ ಅಮಿಲಾಯ್ಡ್ ಅನ್ನೋ ಪ್ರೋಟೀನನ್ನ ಬದುಕಿದ್ದವರ ತಲೆಯೊಳಗೇ ತೋರಿಸೋ, ಅಮೆರಿಕದ ಪಿಟ್ಸ್‌ಬರ್ಗಿನ 'ಪಿಐಬಿ' ಅನ್ನೋ ಡೋಸನ್ನ ಸ್ವೀಡನ್ನಿನ ರೋಗಿಗೆ ಕೊಟ್ಟಿದ್ದು 2002ರಲ್ಲಿ. ಅದರಲ್ಲಿ ವಿಕಿರಣ ಸೂಸೋ ಕಾರ್ಬನ್-11ರ ಅರ್ಧಾಯುಷ್ಯವೋ ಬರೀ 20 ನಿಮಿಷ! ನಾವು ಸ್ಟೇಷನ್ ರೋಡ್ ದಾಟೋಷ್ಟರಲ್ಲಿ ಅರ್ಧ ಖಲಾಸ್. ಆಮೇಲೆ 2012ರಲ್ಲಿ ಅಮಿಲಾಯ್ಡನ್ನೇ ತೋರಿಸೋ ಫ್ಲೋರ್‌ಬೆಟಾಪಿರ್, 2020ರಲ್ಲಿ ಆ ಗಂಟುಗಳನ್ನ ಕಟ್ಟೋ ಟೌ ಪ್ರೋಟೀನ್ ಹುಡುಕೋ ಫ್ಲೋರ್ಟಾಸಿಪಿರ್, ಎರಡಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಎರಡೂ ಅದೇ 110 ನಿಮಿಷದವು. ಟೌದ್ದು ಅಂಟಬಾರದ ಕಡೆಯೂ ಅಂಟುತ್ತೆ ಅಂತ ಇನ್ನೂ ಚೊಕ್ಕದ್ದನ್ನ ಹುಡುಕ್ತಿದ್ದಾರೆ. ಹುಡುಕಲಿ. ಜೊತೆಗೆ ರಾಯಚೂರು ಮುಟ್ಟೋತನಕ ಜೀವ ಹಿಡಿಯೋದನ್ನೂ ಹುಡುಕ್ರಪ್ಪಾ! ವಿಕಿರಣ ಸೂಸೋ ತಾಮ್ರ-64ರ ಅರ್ಧಾಯುಷ್ಯ 12.7 ತಾಸು. ಅದನ್ನ ಅಮಿಲಾಯ್ಡಿಗೆ ಅಂಟಿಸೋ ಪ್ರಯತ್ನ ಲ್ಯಾಬುಗಳಲ್ಲಿ ನಡೆದಿದೆ. ಆದ್ರೆ ತಾಮ್ರ ಹೊತ್ತ ದಪ್ಪ ಅಣು ರಕ್ತದಿಂದ ಮಿದುಳಿನ ಒಳಗೆ ನುಸುಳೋದೇ ಕಷ್ಟ.

"ಈಗ ರಕ್ತ ಪರೀಕ್ಷೆನೇ ಬಂದದ, ಬಿಡಲೇ" ಅನ್ನೋರಿದ್ದೀರಿ. ಬಂದಿದೆ, ಸಂತೋಷ. ಟೌ ಮಿದುಳಿನ ಯಾವ ಮೂಲೆಗೆ ಹಬ್ಬಿದೆ ಅಂತ ರಕ್ತ ಹೇಳುತ್ತೇನು? ಇದಕ್ಕೆ ಉತ್ತರ ಇಲ್ಲಾಂದ್ರೆ "ಅರವತ್ತಕ್ಕ ಅರಳುಮರಳು" ಅಂತ ನಗೋ ನಮ್ಮ ಮಾವಂದಿರ ಪಕ್ಕ ನಿಮಗೂ ಒಂದು ಕುರ್ಚಿ ಹಾಕಿಸ್ತೀನಿ, ಕೂಡ್ರಿ.

ವಾಪಸ್ ಬರುವಾಗ ಮೆಹಬೂಬ್‌ನಗರದಲ್ಲಿ ಇಡ್ಲಿ ತಿನ್ನಿಸಿದೆ. ನಾಲ್ಕು ತಿಂದಳು, ಚಟ್ನಿ ಎರಡು ಸಲ ಹಾಕಿಸಿಕೊಂಡಳು. ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆ ಮೇಲೆ ಬರ್ತಿದ್ದಂಗೆ, "ತಮ್ಮಾ, ನಾ ಉಂಡೀನೇನು?"

"ಉಂಡೀ ಬೇ." ಈ ಸಲ ಸುಳ್ಳಲ್ಲ.