ಏಳೂವರೆ ಎಚ್‌ಪಿ ಕೊಡಿ ಸ್ವಾಮಿ!

ಗಾಡಿ ಓಡಿಸಿ ಗುದ್ದಿಸಿ ನೋಡುವ ಕಂಪ್ಯೂಟರ್ ಆಟ ಬೀಮ್‌ಎನ್‌ಜಿ ಡ್ರೈವ್‌ಗೆ ಹೊಸ ಅಪ್‌ಡೇಟ್ ಬರುತ್ತಿದೆ ಅನ್ನುವ ಸುದ್ದಿ ಹಬ್ಬಿದ ಕೂಡಲೇ ಆಡುವವರ ಬೇಡಿಕೆ ಪಟ್ಟಿಯೂ ಹೊರಬೀಳುತ್ತದೆ. ಮೊದಲ ಸಾಲು ಯಾವತ್ತೂ ಒಂದೇ: ಇನ್ನೂ ದೊಡ್ಡ ವಿ8 ಎಂಜಿನ್. ಎರಡನೇ ಸಾಲಿನಲ್ಲಿ ಅದಕ್ಕೆ ಎರಡು ಟರ್ಬೊ. ಮೂರನೇ ಸಾಲಿನ ಹೊತ್ತಿಗೆ ಜೆಟ್ ಎಂಜಿನ್. ಇರುವ ಎಂಜಿನ್ನಿನಲ್ಲೇ ಮೊದಲ ತಿರುವು ದಾಟಲಾರದೆ ಬಂಡೆಗೆ ಹಣೆ ಚಚ್ಚಿಕೊಳ್ಳುವವರು ಸಾವಿರ ಎಚ್‌ಪಿ ಕೇಳುವುದನ್ನು ನೋಡಿದರೆ ಬಂಡೆಯ ಮೇಲೆ ಕನಿಕರ ಹುಟ್ಟುತ್ತದೆ.

ಜರ್ಮನಿಯ ಬ್ರೆಮೆನ್‌ನಲ್ಲಿ ತಯಾರಾಗುವ, 2013ರಲ್ಲಿ ಮೊದಲು ಹೊರಬಂದು 2015ರಲ್ಲಿ ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿ ಸೇರಿದ ಈ ಆಟದ ಸುಖ ಇರುವುದು ವೇಗದಲ್ಲಲ್ಲ, ಎಡವಟ್ಟಿನಲ್ಲಿ. ಇಲ್ಲಿ ವಾಹನವೆಂದರೆ ತೂಕವಿರುವ ಚುಕ್ಕೆಗಳು, ಅಂದರೆ ನೋಡ್‌ಗಳು. ಅವನ್ನು ಬೆಸೆಯುವ ಸ್ಪ್ರಿಂಗ್ ಗುಣದ ಬೀಮ್‌ಗಳು. ಪ್ರತಿ ಬೀಮ್ ಹಿಗ್ಗಿತೋ ಕುಗ್ಗಿತೋ ಮುರಿಯಿತೋ ಅನ್ನುವುದನ್ನು ಸೆಕೆಂಡಿಗೆ 2000 ಸಲ ಲೆಕ್ಕ ಹಾಕಲಾಗುತ್ತದೆ. ಗಾಡಿಗಳ ಹೆಸರೆಲ್ಲ ಕಲ್ಪಿತ: ಗ್ಯಾವ್ರಿಲ್, ಇಬಿಷು, ಇಟಿಕೆ. ತನ್ನ ಲಾಂಛನ ಅಂಟಿಸಿದ ಬಾನೆಟ್ ನಜ್ಜುಗುಜ್ಜಾಗಲಿ ಎಂದು ಯಾವ ಕಂಪನಿ ತಾನೇ ಖುಷಿಯಿಂದ ಸಹಿ ಹಾಕೀತು?

ಇಂಥ ಆಟಕ್ಕೆ ಬೇಕಿರುವುದು ಬಡ ಎಂಜಿನ್. ಸ್ಪಷ್ಟವಾಗಿ ಹೇಳಬೇಕೆಂದರೆ, ನಮ್ಮ ಡೀಸೆಲ್ ಆಟೊಗಳಲ್ಲಿ ವರ್ಷಾನುಗಟ್ಟಲೆ ಗುಡುಗಿದ 395 ಸಿಸಿಯ ಒಂಟಿ ಸಿಲಿಂಡರ್. ಶಕ್ತಿ ಸುಮಾರು ಏಳೂವರೆ ಎಚ್‌ಪಿ. ಏಳರಾಟದ ಶನಿಗೂ ಅದಕ್ಕೂ ಸಂಬಂಧವಿಲ್ಲ, ಹಿಂದೆ ಸಿಕ್ಕಿಕೊಂಡವರು ಒಪ್ಪದಿದ್ದರೂ.

ಅದನ್ನು ಕೂರಿಸಲು ಗಾಡಿ ಆಗಲೇ ಇದೆ. ಇಬಿಷು ಪಿಜನ್: ಮುಂದೆ ಒಂದು ಚಕ್ರ, ಹಿಂದೆ ಎರಡು, ಬೆನ್ನಿಗೆ ಪುಟ್ಟ ಟ್ರೇ. ನಮ್ಮ ಲಗೇಜ್ ಆಟೊ ನೋಡಿದವರಿಗೆ ಗುರುತು ಸಿಗದೆ ಇರದು. ಅದು ಮಗುಚುವುದೂ ಶಾಸ್ತ್ರೋಕ್ತವಾಗಿಯೇ. ನಾಲ್ಕು ಚಕ್ರದ ಗಾಡಿಗೆ ಪಾದ ಚೌಕ, ಇದಕ್ಕೆ ತ್ರಿಕೋನ. ಹಿಂದಿನ ಚಕ್ರಗಳ ನಡುವೆ 1.2 ಮೀಟರ್, ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲೆ, ತೂಕದ ಶೇ. 65 ಹಿಂದಿನ ಚಕ್ರಗಳ ಮೇಲೆ ಎಂದಿಟ್ಟುಕೊಳ್ಳಿ: ಸುಮಾರು 0.78 ಜಿ, ಅಂದರೆ ಗಾಡಿಯ ತೂಕದ 0.78 ಪಟ್ಟು ಅಡ್ಡಬಲಕ್ಕೆ ಒಳಚಕ್ರ ಎದ್ದಿತು. ಅಷ್ಟೇ ಅಗಲದ ನಾಲ್ಕು ಚಕ್ರದ್ದು 1.2 ಜಿವರೆಗೂ ತಡೆಯುತ್ತದೆ, ಅಷ್ಟರೊಳಗೆ ಟೈರೇ ಜಾರಿ ಬಚಾವು ಮಾಡುತ್ತದೆ. ಮೂರು ಚಕ್ರದಲ್ಲಿ ಟೈರಿಗೆ ಜಾರುವ ಪುರಸೊತ್ತೂ ಸಿಗುವುದಿಲ್ಲ. ತಿರುವಿನ ನಡುವೆ ಬ್ರೇಕ್ ಒತ್ತಿದಿರೋ, ಭಾರವೆಲ್ಲ ತ್ರಿಕೋನದ ಚೂಪು ತುದಿಯತ್ತ ನುಗ್ಗುತ್ತದೆ. ಆಮೇಲೆ ಗಾಡಿಯನ್ನು ಹೊಸದಾಗಿ ನಿಲ್ಲಿಸುವ ಆರ್ ಕೀಲಿಯೇ ಗತಿ. ಬ್ರೇಕನ್ನು ತಿರುವಿಗೆ ಮುಂಚೆಯೇ ಮುಗಿಸಿಕೊಳ್ಳಿ, ಟ್ರೇ ಖಾಲಿ ಬಿಡಬೇಡಿ. ಹಿಂದೆ ತಗ್ಗಿನಲ್ಲಿ ಮೂಟೆ ಇದ್ದರೆ ಗಾಡಿ ಸಭ್ಯವಾಗುತ್ತದೆ. ಮೂಟೆ ಎತ್ತರವಾದರೆ ಮೊದಲಿಗಿಂತ ಅಸಭ್ಯ.

ಅಪ್‌ಡೇಟ್‌ಗಾಗಿ ಕಾಯುವ ತಾಳ್ಮೆ ಇಲ್ಲದವರು ಎಂಜಿನ್ನನ್ನು ತಾವೇ ಬರೆಯಬಹುದು. ಬರೆಯುವುದು ಅಂದರೆ ಅಕ್ಷರಶಃ ಬರೆಯುವುದೇ. ಗಾಡಿಯ ಭಾಗಗಳ ವಿವರವಿರುವ ಜೆಬೀಮ್ ಅನ್ನುವುದು ನೋಟ್‌ಪ್ಯಾಡ್‌ನಲ್ಲಿ ತೆರೆಯುವ ಪಠ್ಯ ಕಡತ. ಆಟ ಇನ್‌ಸ್ಟಾಲ್ ಆದ ಜಾಗದ ಮೂಲ ಕಡತಗಳಿಗೆ ಮಾತ್ರ ಕೈಹಾಕಬೇಡಿ, ಮುಂದಿನ ಅಪ್‌ಡೇಟ್ ನಿಮ್ಮ ಶ್ರಮವನ್ನೆಲ್ಲ ಗುಡಿಸಿ ಹಾಕುತ್ತದೆ. ಬಳಕೆದಾರರ ಫೋಲ್ಡರ್‌ನಲ್ಲಿ ಮಾಡ್ಸ್, ಅದರೊಳಗೆ ಅನ್‌ಪ್ಯಾಕ್ಡ್, ಅಲ್ಲಿ ನಿಮ್ಮ ಮಾಡ್‌ನ, ಅಂದರೆ ನೀವೇ ಮಾಡಿದ ಮಾರ್ಪಾಡಿನ ಹೆಸರು, ಆಮೇಲೆ ವೆಹಿಕಲ್ಸ್, ಕೊನೆಗೆ ಪಿಜನ್: ಅಲ್ಲಿಡಿ. ಮೂಲ ಎಂಜಿನ್ನಿನ ಪ್ರತಿ ತೆಗೆದು ಹೆಸರು ಬದಲಿಸಿ, ಸ್ಲಾಟ್‌ಟೈಪ್ ಸಾಲನ್ನು ಮುಟ್ಟದೆ ಬಿಡಿ. ಎಂಜಿನ್ ಯಾವ ಗೂಡಿಗೆ ಸೇರಬೇಕು ಎಂದು ಹೇಳುವುದು ಆ ಸಾಲು. ಅಲ್ಲಿ ಒಂದಕ್ಷರ ತಪ್ಪಿದರೂ ಎಂಜಿನ್ ಬಿಡಿಭಾಗಗಳ ಪಟ್ಟಿಯಲ್ಲೇ ಕಾಣುವುದಿಲ್ಲ. ತಪ್ಪು ಇದೆ ಎಂದು ಆಟ ಕಿರುಚುವುದೂ ಇಲ್ಲ, ಏನೂ ಆಗಿಲ್ಲವೆಂಬಂತೆ ಹಳೇ ಎಂಜಿನ್ನಿನಲ್ಲೇ ಓಡಿಸುತ್ತದೆ. ಹೊಸ ಎಂಜಿನ್ ಹಾಕಿದ ಮೇಲೆ ಗಾಡಿ ಎಷ್ಟು ಚುರುಕಾಯಿತು ನೋಡಿ ಎಂದು ಗೆಳೆಯರಿಗೆ ವಿಡಿಯೊ ಕಳಿಸುವ ಮೊದಲು ಪಟ್ಟಿಯನ್ನೊಮ್ಮೆ ನೋಡುವುದು ಮರ್ಯಾದೆಗೆ ಒಳ್ಳೆಯದು.

ಆಮೇಲೆ ಟಾರ್ಕ್, ಅಂದರೆ ತಿರುಗುಬಲದ ಕೋಷ್ಟಕ. ಎಡಗಡೆ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು), ಬಲಗಡೆ ನ್ಯೂಟನ್ ಮೀಟರ್. 1000ಕ್ಕೆ 13, 2000ಕ್ಕೆ 16.5, 3000ಕ್ಕೆ 15.5, 3600ಕ್ಕೆ 14.6 ಎಂದು ತುಂಬಿದರೆ ಕೊನೆಯಲ್ಲಿ 5.5 ಕಿಲೊವಾಟ್, ಅಂದರೆ ನಮ್ಮ ಏಳೂವರೆ ಸಿಗುತ್ತದೆ. ಹೆಚ್ಚಿನವರು ಇಲ್ಲಿಗೇ ಕೈತೊಳೆದುಕೊಂಡು ಗಾಡಿ ಎತ್ತುತ್ತಾರೆ. ಕ್ಲಚ್ ಬಿಟ್ಟ ಕ್ಷಣ ಆಫ್. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಕಾರಣ ಇನರ್ಷಿಯಾ, ಅಂದರೆ ತಿರುಗುವ ಜಡತ್ವ ಅನ್ನುವ ಸಾಲು. ಡೀಸೆಲ್ ಒಂಟಿ ಸಿಲಿಂಡರಿಗೆ ತಿರುಗುತ್ತಲೇ ಶಕ್ತಿ ಕೂಡಿಡುವ ಭಾರದ ಚಕ್ರ, ಫ್ಲೈವೀಲ್ ಬೇಕೇಬೇಕು. ಆ ಸಾಲಿನಲ್ಲಿ 0.02 ಇದ್ದರೆ 1000 ಆರ್‌ಪಿಎಂನಲ್ಲಿ ಕೂಡಿಟ್ಟ ಶಕ್ತಿ ಬರೀ 110 ಜೂಲ್, 0.1 ಮಾಡಿದರೆ ಸುಮಾರು 550. ಅರ್ಧ ಟನ್ ಗಾಡಿಯನ್ನು ನಡಿಗೆಯ ವೇಗಕ್ಕೆ ತರಲು ಹೆಚ್ಚುಕಡಿಮೆ ಅಷ್ಟೇ ಬೇಕು. ಹಾಗಂತ 0.5 ಮಾಡಿದರೆ ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ತನ್ನ ಪಾಡಿಗೆ ಭಾಷಣ ಮುಂದುವರಿಸುತ್ತದೆ.

ಗೇರನ್ನೂ ನೋಡಬೇಕು. ಪೆಟ್ರೋಲ್ ಎಂಜಿನ್ನಿನ ಅನುಪಾತ ಹಾಗೇ ಉಳಿಸಿಕೊಂಡು ಟಾಪ್ ಗೇರಿನಲ್ಲಿ ಅದು ಒಟ್ಟು 8 ಇದ್ದರೆ, ಅಂದರೆ ಎಂಜಿನ್ ಎಂಟು ಸುತ್ತಿದಾಗ ಚಕ್ರ ಒಂದು ಸುತ್ತಿದರೆ, 1.32 ಮೀಟರ್ ಸುತ್ತಳತೆಯ ಟೈರಿಗೆ 3600 ಆರ್‌ಪಿಎಂನಲ್ಲಿ ಗಂಟೆಗೆ 36 ಕಿಮೀ ದಾಟದು. 5.2ಕ್ಕೆ ಇಳಿಸಿ, 55 ಬರುತ್ತದೆ. ಏರಿನಲ್ಲಿ ಬರುತ್ತದೆಯೇ ಎಂದು ಕೇಳಬಾರದು.

ಎಂಜಿನ್ ಗಡಗಡ ನಡುಗಬೇಕಾದರೆ ಟಾರ್ಕ್ ರಿಯಾಕ್ಷನ್ ನೋಡ್ಸ್ ಅನ್ನುವ ಸಾಲಿನಲ್ಲಿ ಎಂಜಿನ್ನಿನದೇ ಮೂರು ನೋಡ್ ಹೆಸರಿರಬೇಕು. ಇಲ್ಲದಿದ್ದರೆ ಎಷ್ಟು ಗುಡುಗಿದರೂ ಎಂಜಿನ್ ಮೌಂಟಿನ ಮೇಲೆ ಧ್ಯಾನಕ್ಕೆ ಕೂತಿರುತ್ತದೆ. ಗಾಳಿ ಎಳೆದುಕೊಳ್ಳುವ ನೋಡನ್ನು ತಗ್ಗಿನಲ್ಲಿಟ್ಟರೆ ಮೊದಲ ಹೊಂಡದಲ್ಲೇ ಸಿಲಿಂಡರಿಗೆ ನೀರು ನುಗ್ಗಿ ಎಂಜಿನ್ ಲಾಕ್. ಎಲ್ಲಕ್ಕಿಂತ ದೊಡ್ಡ ಪ್ರಮಾದ ಇನ್ನೊಂದಿದೆ: ಗಾಡಿ ಗಟ್ಟಿಯಾಗಲಿ ಎಂದು ಲಾರಿ ಷಾಸಿಯ ಗಡಸು ಬೀಮ್‌ಗಳನ್ನು ತಂದು ಅರ್ಧ ಕೆಜಿಯ ನೋಡ್‌ಗಳಿಗೆ ಜೋಡಿಸುವುದು. ಸೆಕೆಂಡಿಗೆ 2000 ಹೆಜ್ಜೆ ಕೂಡ ಆ ಕಂಪನವನ್ನು ಹಿಡಿಯಲು ಸಾಲದೆ, ಪ್ರತಿ ಹೆಜ್ಜೆಗೂ ತಪ್ಪು ದುಪ್ಪಟ್ಟಾಗಿ, ನಿಂತಲ್ಲೇ ನಿಂತಿದ್ದ ಆಟೊ ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತದೆ. ಆಟ ತಾನೇ ಹೆದರಿ ಎಲ್ಲವನ್ನೂ ಸ್ತಬ್ಧಗೊಳಿಸುತ್ತದೆ. ಮದ್ದು ಸರಳ: ನೋಡ್‌ಗೆ ತೂಕ ಹೆಚ್ಚಿಸಿ, ಇಲ್ಲವೇ ಬೀಮ್‌ನ ಗಡಸು ಇಳಿಸಿ.

ಇಷ್ಟೆಲ್ಲ ಸರಿಹೋದ ಮೇಲೂ ಒಂದು ಆಸೆ ಉಳಿದೇ ಇರುತ್ತದೆ. ಕೋಷ್ಟಕದಲ್ಲಿರುವುದು ಸರಾಸರಿ ಬಲ. ನಿಜವಾದ ಒಂಟಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಗುದ್ದುತ್ತದೆ, ಉಳಿದ ಹೊತ್ತು ಫ್ಲೈವೀಲಿನ ಸಾಲದಲ್ಲಿ ಬದುಕುತ್ತದೆ. 1000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಎಂಟು ಗುದ್ದು ಚಿಲ್ಲರೆ. ಆ ಪ್ರತಿ ಗುದ್ದಿಗೂ ಕನ್ನಡಿ ಅದುರಬೇಕು, ಅದರಲ್ಲಿ ಹಿಂದಿನ ಬಸ್ಸು ಎರಡಾಗಿ ಕಾಣಬೇಕು. ಒಂದು ಗುದ್ದಿನಿಂದ ಇನ್ನೊಂದಕ್ಕೆ 240 ಲೆಕ್ಕದ ಹೆಜ್ಜೆ ಸಿಗುತ್ತದೆ, ಧಾರಾಳವಾಯಿತು. 2400 ಆರ್‌ಪಿಎಂನಲ್ಲಿ ಓಡುವ ಆರು ಸಿಲಿಂಡರಿಗೆ ಅಂಥ ಅಂತರ ಹದಿನೇಳು ಹೆಜ್ಜೆಯೂ ಇಲ್ಲ. ಬಡವನ ಎಂಜಿನ್ ಕಂಪ್ಯೂಟರಿಗೂ ಅಗ್ಗ ಎಂದು ಬ್ರೆಮೆನ್‌ನವರಿಗೆ ಯಾರಾದರೂ ತಿಳಿಹೇಳಬೇಕು.

ಆರು ಸಿಲಿಂಡರ್ ಬೇಡವೆಂದಲ್ಲ. ಟಾಟಾ 697 ಡೀಸೆಲ್ ಎಂಜಿನ್ ಬಂದರೆ ಹಾರ ಹಾಕಿ ಬರಮಾಡಿಕೊಳ್ಳಬಹುದು. ಆರು ಸಿಲಿಂಡರ್, 97 ಮಿಮೀ ಬೋರ್, ಅಂದರೆ ಸಿಲಿಂಡರಿನ ವ್ಯಾಸ. ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ಉದ್ದ 128, ಒಟ್ಟು 5675 ಸಿಸಿ. ಮರ್ಸಿಡಿಸ್‌ನ ಒಎಂ 352 ಎಂಜಿನ್ನಿನ ಅಳತೆಯೂ ಅದೇ. ಆಟದಲ್ಲಿರುವ ವೆಂಟ್‌ವರ್ಡ್ ಬಸ್ ಆಟೊಮ್ಯಾಟಿಕ್ ಗೇರಿನ ಅಮೆರಿಕನ್ ಸಿಟಿ ಬಸ್, ಅದರಲ್ಲಿ ಡ್ರೈವರ್‌ಗೆ ಕೆಲಸವೇ ಇಲ್ಲ. ಬೇಕಿರುವುದು ಡ್ರೈವರ್ ಪಕ್ಕದಲ್ಲೇ ಕೂತು ಅವನ ಎಡಗಾಲು ಬೇಯಿಸುವ ಎಂಜಿನ್, ಮೊಳದುದ್ದದ ಗೇರ್ ಲಿವರ್, ಎಲೆ ಸ್ಪ್ರಿಂಗ್. ಇಳಿಜಾರಿಗೆ ಇಟಲಿ ಮ್ಯಾಪ್‌ನ ಬೆಟ್ಟದ ರಸ್ತೆ ಇದೆ, ಆಗುಂಬೆಗೆ ಹಂಬಲಿಸಬೇಕಿಲ್ಲ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲಿನ ಹಾಗೆ ಗಾಳಿಯ ಕತ್ತು ಹಿಸುಕುವ ಥ್ರಾಟಲ್ ಇಲ್ಲ, ಹಾಗಾಗಿ ಕಾಲು ತೆಗೆದ ಮಾತ್ರಕ್ಕೆ ಬಸ್ಸು ತಡೆದು ನಿಲ್ಲುವುದಿಲ್ಲ. ಇಳಿಯುವ ಮುಂಚೆಯೇ ಎರಡನೇ ಗೇರಿಗೆ ಬರಬೇಕು. ನಾಲ್ಕರಲ್ಲೇ ಇಳಿದವರ ಬ್ರೇಕ್ ಡ್ರಮ್ ಕಾಯುತ್ತದೆ, ಹಿಡಿತ ಸೋಲುತ್ತದೆ, ಪೆಡಲ್ ತುಳಿದಷ್ಟೂ ಬಸ್ಸು ಕಿವಿಗೆ ಹಾಕಿಕೊಳ್ಳುವುದಿಲ್ಲ. ಬ್ರೇಕ್ ಬಿಸಿಯಾಗುವುದನ್ನು ಆಟ ಈಗಲೂ ಲೆಕ್ಕ ಹಾಕುತ್ತದೆ, ಆದ್ದರಿಂದ ಮೂರನೇ ಹೇರ್‌ಪಿನ್ನಿನಲ್ಲಿ ಬಸ್ಸು ರಸ್ತೆ ಬಿಟ್ಟರೆ ಮಾಡ್ ಬರೆದವನನ್ನು ಬಯ್ಯಬೇಡಿ.

ಇನ್ನು ಹಳೇ ಟೂ ಸ್ಟ್ರೋಕ್ ಆಟೊ. ಕೀಲಿ ಒತ್ತಿದರೆ ಎಂಜಿನ್ ಎದ್ದುಬಿಡುವ ಸೌಲಭ್ಯ ಅದಕ್ಕೆ ಬೇಡ. ಕೆಳಗಿನ ಲಿವರನ್ನು ಬಗ್ಗಿ ಎಳೆಯಬೇಕು, ಮೊದಲ ಎಳೆತಕ್ಕೆ ಹತ್ತಲೇಬಾರದು. ಪೆಟ್ರೋಲಿಗೆ ಆಯಿಲ್ ಬೆರೆಸಿದ್ದು ಹೆಚ್ಚಾದರೆ ನೀಲಿ ಹೊಗೆ, ಕಡಿಮೆಯಾದರೆ ಪಿಸ್ಟನ್ ಜಾಮ್. ಮಗುಚಿದ ಮೇಲೆ ಆರ್ ಒತ್ತಿದರೆ ಗಾಡಿ ಹೊಚ್ಚ ಹೊಸದಾಗಿ ನಿಲ್ಲಲಿ, ಅಡ್ಡಿಯಿಲ್ಲ. ಮೀಟರ್ ಮಾತ್ರ ಸೊನ್ನೆಗೆ ಹೋಗಕೂಡದು.